ಫೋಟೋದಲ್ಲಿದ್ದ ಅಜ್ಜಿ ಊಟಕ್ಕೆ ಬಂದದ್ದು

1994ರ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ ಹನ್ನೆರಡೂಕಾಲು ಗಂಟೆ. ಸ್ಥಳ, ಶಿಡ್ಲಘಟ್ಟದಲ್ಲಿ ಕಲೀಂ ಸಾಹೇಬರ ರೇಷ್ಮೆ ನೂಲು ಬಿಚ್ಚುವ ಫಿಲೇಚರಿನ ಊಟದ ಕೋಣೆ. ಹಾಜರಿದ್ದವರು: ಮಾಲೀಕರಾದ ಕಲೀಂ ಸಾಹೇಬರು, ಅವರ ಮಗಳೂ ನನ್ನ ಶಾಲೆಯ ಎಂಟನೇ ತರಗತಿಯ ಹುಡುಗಿಯೂ ಆದ ನಾಜ್ನೀನ್, ಅಡುಗೆಯ ಮುನಿರತ್ನಮ್ಮ, ಕೊರಿಯಾದಿಂದ ಯಂತ್ರ ಜೋಡಿಸಲು ಬಂದಿದ್ದ ಮೆಕ್ಯಾನಿಕ್ ಚೋ, ಹಿಂದಿನ ದಿನವಷ್ಟೇ ಬಂದಿಳಿದಿದ್ದ ಅವರ ಹೆಂಡತಿ, ಮತ್ತು ನಾನು. ನನ್ನ ಚೀಲದಲ್ಲಿ ಬಿಳಿ ಹಾಳೆಗಳೂ ಬೆಂಗಳೂರಿನ ವಾರಪತ್ರಿಕೆಯ ವಿಳಾಸ ಬರೆದ ಲಕೋಟೆಯೂ ಇದ್ದವು. ಮೂರೂವರೆಯ ಬಸ್ಸಿಗೆ ಆ ಲಕೋಟೆ ಹೋಗಬೇಕಿತ್ತು. ಅದರೊಳಗೆ ಇರಬೇಕಾದ ನನ್ನ ಮಕ್ಕಳ ಕಾದಂಬರಿಯ ಕೊನೆಯ ಕಂತನ್ನು ನಾನಿನ್ನೂ ಬರೆದಿರಲಿಲ್ಲ. ನನ್ನ ಕಥೆಯ ಅಜ್ಜಿ ಸತ್ತವಳ ಹಾಗೆ ಯಾಕೆ ಮಾಯವಾದಳು ಎಂಬುದು ನನಗೇ ತಿಳಿದಿರಲಿಲ್ಲ. ಅದು ಕೊರಿಯಾದ ವಿಡಿಯೋ ಟೇಪಿನಲ್ಲಿದೆ, ಇವತ್ತಿನ ಟೇಪು ನೋಡಿದರೆ ತಿಳಿಯುತ್ತದೆ ಎಂದು ನಂಬಿ ಕುಳಿತಿದ್ದೆ.

ಮಕ್ಕಳಿಗಾಗಿ ಬರೆಯಬೇಕೆಂದಿರುವ ಕಿರಿಯರು ಈಗಲೂ ಚಿಕ್ಕಬಳ್ಳಾಪುರದ ನನ್ನ ಮನೆಗೆ ಬರುತ್ತಾರೆ. ನಾಲ್ಕು ಗಂಟೆಗೆ ಬರುತ್ತೇವೆಂದು ಹೇಳಿ ನಾಲ್ಕೂವರೆಗೆ ಬರುತ್ತಾರೆ; ಅದು ಬೇರೆ ವಿಷಯ. ಕಾಫಿ ಕುಡಿದು "ನಿಮಗೆ ಸ್ಫೂರ್ತಿ ಎಲ್ಲಿಂದ ಮೇಡಂ?" ಎನ್ನುತ್ತಾರೆ. "ಕೊರಿಯಾದಿಂದ" ಎಂದರೆ ನಗುತ್ತಾರೆ. ತಮ್ಮ ಮನೆಯ ಹುಡುಗಿಯರು ಗೋಡೆಗೆ ಅಂಟಿಸಿಕೊಂಡಿರುವ ಬಣ್ಣದ ಕೂದಲಿನ ಹುಡುಗರನ್ನು ನೋಡಿ ಈ ಮುದುಕಿಯೂ ಮರುಳಾದಳೆಂದುಕೊಳ್ಳುತ್ತಾರೆ. ಅಲ್ಲ. ಆ ಹುಡುಗರು ಹುಟ್ಟುವ ಮೊದಲೇ ನನಗೆ ಅವರ ದೇಶದ ಹಾಡು, ಧಾರಾವಾಹಿಗಳ ಪರಿಚಯವಾಗಿತ್ತು. ಅದು ಹೇಗೆಂದು ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಹೇಳುವ ಶ್ರಮ ತಪ್ಪುತ್ತದೆ.

ನಾನು ಶಾಲೆಯಲ್ಲಿ ಡ್ರಿಲ್ ಟೀಚರ್. ತರಬೇತಿ ಕಾಲೇಜಿನ ಹಾಸ್ಟೆಲಿನಲ್ಲಿ ಸೀಟಿಗೆ ಏಳುವುದು, ಸೀಟಿಗೆ ಉಣ್ಣುವುದು, ಸೀಟಿಗೆ ಮಲಗುವುದು ಕಲಿತವಳು. ಎಂಬತ್ತರ ದಶಕದಲ್ಲಿ ಗೌರಿಬಿದನೂರಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ದಿನವೂ ಬೆಳಿಗ್ಗೆ ಐದರಿಂದ ಆರರವರೆಗೆ ಬರೆಯುತ್ತಿದ್ದೆ. ಮೊದಲ ಕಾದಂಬರಿಯ ನಾಯಕ ಐದಕ್ಕೆ ಏಳುತ್ತಾನೆ, ಹಾಸಿಗೆ ಮಡಿಸುತ್ತಾನೆ, ಕೈಕಾಲು ತೊಳೆಯುತ್ತಾನೆ, ಹಿರಿಯರಿಗೆ ನಮಸ್ಕರಿಸುತ್ತಾನೆ. ಎರಡನೇ ಅಧ್ಯಾಯದಲ್ಲೂ ಐದಕ್ಕೇ ಏಳುತ್ತಾನೆ. ಪ್ರತಿ ಅಧ್ಯಾಯದ ಕೊನೆಗೆ ಒಂದು ನೀತಿ, ಅಡಿಗೆರೆ ಸಮೇತ.

ಚಿಂತಾಮಣಿಯ ಒಂದು ಶಾಲೆಯವರು ನನ್ನನ್ನು ಕರೆಸಿ ಅದರ ಒಂದು ಅಧ್ಯಾಯ ಓದಿಸಿದರು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ಒಂದು ಪಿಸುಮಾತಿಲ್ಲ, ಕೆಮ್ಮಿಲ್ಲ. ಎಂಥ ಶಿಸ್ತು ಎಂದು ನನಗೆ ಹೆಮ್ಮೆಯಾಯಿತು. ಓದಿ ಮುಗಿಸಿ ತಲೆಯೆತ್ತಿದರೆ ಹಿಂದಿನ ಸಾಲುಗಳೆಲ್ಲ ಕೈಕಟ್ಟಿಕೊಂಡೇ ನಿದ್ದೆ ಹೋಗಿದ್ದವು. ಅಭಿಪ್ರಾಯ ಕೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಹೆಡ್‌ಮಾಸ್ಟರರ ಗಲ್ಲ ಅವರ ಎದೆಯ ಮೇಲಿತ್ತು.

ನನ್ನ ಸಂಪಾದಕರು ಕಡಿಮೆ ಮಾತಿನವರು. ಹೊಗಳಿಕೆಯಾದರೆ ಕಾರ್ಡಿನಲ್ಲಿ ಬರೆಯುತ್ತಿದ್ದರು, ಬೈಯುವುದಾದರೆ ಶಾಲೆಗೇ ಫೋನು. ತೊಂಬತ್ನಾಲ್ಕರ ಬೇಸಿಗೆ ರಜೆ ಮುಗಿದ ವಾರ ಫೋನು ಬಂತು.

"ಮೇಡಂ, ಹೋದ ಕಾದಂಬರಿಗೆ ಬಂದ ಮೆಚ್ಚುಗೆ ಪತ್ರಗಳೆಲ್ಲ ಹೆಡ್‌ಮಾಸ್ಟರುಗಳದ್ದು."

"ಸಂತೋಷ ಸಾರ್."

"ಸಂತೋಷ ಅಲ್ಲಮ್ಮ. ಅವರು ನಮ್ಮ ಪತ್ರಿಕೆ ಕೊಳ್ಳೋದಿಲ್ಲ, ಶಾಲೆಗೆ ಬಿಟ್ಟಿ ಹೋಗುತ್ತೆ. ಈಗ ಶುರು ಮಾಡೋದು ದಸರಾಕ್ಕೆ ಮುಗೀಬೇಕು. ಅಷ್ಟರಲ್ಲಿ ಮಕ್ಕಳು ಒಪ್ಪದಿದ್ರೆ ಆ ಪುಟಕ್ಕೆ ಪದಬಂಧ ಹಾಕ್ತೀನಿ. ನೀವು ಡ್ರಿಲ್ ಮಾಡಿಸ್ಕೊಂಡು ಸುಖವಾಗಿರಿ."

ಆ ಪುಟ ಹೋದರೆ ನನ್ನ ಕಾದಂಬರಿಗೆ ಬೇರೆ ಜಾಗವಿರಲಿಲ್ಲ. ಬೆಳಿಗ್ಗೆ ಐದಕ್ಕೆ ಏಳಲು ಕಾರಣವೂ ಇರುತ್ತಿರಲಿಲ್ಲ.

ಆಗ ನನಗೆ ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿತ್ತು. ಚಿಕ್ಕಬಳ್ಳಾಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಫೋನು ಬಂದ ಮಾರನೆಯ ದಿನ ಎಂಟನೇ ತರಗತಿಗೆ ಕವಾಯತು. "ಎಡ! ಬಲ!" ಎಂದೆ. ಮೊದಲ ಸಾಲಿನ ಹುಡುಗಿಯರು ಎಡವನ್ನೂ ಇಡಲಿಲ್ಲ, ಬಲವನ್ನೂ ಇಡಲಿಲ್ಲ. ಭುಜ ಕುಣಿಸಿದರು, ಗಿರ್ರನೆ ತಿರುಗಿದರು, ಎಲ್ಲರೂ ಒಟ್ಟಿಗೆ ಆಕಾಶಕ್ಕೆ ಬೆರಳು ತೋರಿಸಿದರು. ನಾನೂ ಮೇಲೆ ನೋಡಿದೆ. ಅಲ್ಲೇನೂ ಇರಲಿಲ್ಲ.

"ಏನೇ ಇದು?"

"ಕೊರಿಯಾ ಡ್ಯಾನ್ಸ್ ಮಿಸ್," ಎಂದಳು ನಾಜ್ನೀನ್. "ನಮ್ ಫಿಲೇಚರ್‌ಗೆ ಚೋ ಅಂಕಲ್ ಬಂದವ್ರೆ. ಅವ್ರ ಕ್ಯಾಸೆಟ್ ಹಾಡು."

"ಹಾಡಿನ ಅರ್ಥ ಏನು?"

"ಗೊತ್ತಿಲ್ಲ ಮಿಸ್. ಮೊದ್ಲು ಮೆತ್ತಗೆ ಹೇಳ್ತಾನೆ, ಆಮೇಲೆ ಬಯ್ತಾನೆ, ಆಮೇಲೆ ಅಳ್ತಾನೆ, ಕೊನೆಗೆ ಎಲ್ರೂ ಕುಣೀತಾರೆ."

ಅವಳ ತಂದೆಗೆ ದೂರು ಹೇಳಲು ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆ. ಕಲೀಂ ಸಾಹೇಬರು ಕೊರಿಯಾದ ಯಂತ್ರ ತರಿಸಿದ್ದರು. ಕುದಿನೀರಿನ ಬಟ್ಟಲುಗಳಿಂದ ಗೂಡಿನ ಎಳೆ ತಾನಾಗಿಯೇ ಸುತ್ತಿಕೊಳ್ಳುತ್ತಿತ್ತು. ಹಬೆಯ ನಡುವೆ ಒಬ್ಬ ಗುಂಡುಮುಖದ ಮನುಷ್ಯ ಸ್ಪ್ಯಾನರ್ ಹಿಡಿದು ನಿಂತಿದ್ದರು. ನನ್ನ ಕೊರಳಿನ ಸೀಟಿ ಕಂಡದ್ದೇ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಅವರ ದೇಶದಲ್ಲಿ ಗಂಡಸರೆಲ್ಲ ಸೇನೆಯಲ್ಲಿ ಕೆಲಸ ಮಾಡಲೇಬೇಕಂತೆ. ಅಭ್ಯಾಸಬಲದಿಂದ ನಾನೂ ಸೆಲ್ಯೂಟ್ ಕೊಟ್ಟೆ. ಅಂದಿನಿಂದ ಅವರಿಗೆ ನಾನು "ಸಾರ್ಜೆಂಟ್". ದೂರು ಅಲ್ಲಿಗೇ ನಿಂತಿತು.

ಚೋ ಹರಕು ಮುರುಕು ಇಂಗ್ಲಿಷಿಗೆ ಫಿಲೇಚರಿನಲ್ಲಿ ಕಲಿತ ಕನ್ನಡ ಸೇರಿಸಿ ಮಾತಾಡುತ್ತಿದ್ದರು. ಅವರು ಬಂದ ದಿನದ ಕಥೆಯನ್ನು ಮುನಿರತ್ನಮ್ಮ ಹೇಳಿದಳು. ಅವಳು ಆಂಧ್ರದ ಗಡಿ ಕಡೆಯ ಹಳ್ಳಿಯವಳು. ಹುಳು ಸಾಕಿ ಸಾಕಿ ಸಾಕಾಗಿ ಅಡುಗೆಗೆ ಬಂದವಳು.

"ನೂಲು ಬಿಚ್ಚಿದ ಮ್ಯಾಕೆ ಗೂಡೊಳಗಿನ ಹುಳ ಉಳೀತದಲ್ಲ ಟೀಚರಮ್ಮ, ಆ ನಾತಕ್ಕೆ ನಾವೆಲ್ಲ ಮೂಗು ಮುಚ್ಕೊಂತೀವಿ. ಈ ಸಾಮಿ ಮೂಗು ಅಳ್ಳಿಸ್ಕೊಂಡು ಓಡಿ ಬಂದು 'ಊಟ! ಊಟ!' ಅಂತು. ನಾನು ಅನ್ನ ಬಡಿಸಿದ್ರೆ ಬ್ಯಾಡ, ಆ ಹುಳ ತೋರಿಸ್ತದೆ. ದೇವುಡಾ! ಅವ್ರೂರಲ್ಲಿ ಇದನ್ನ ಬೇಯ್ಸಿ ಮಕ್ಳಿಗೆ ಪೊಟ್ಟಣ ಕಟ್ಟಿ ಮಾರ್ತಾರಂತೆ, ನಮ್ ಕಡ್ಲೆಕಾಯಿ ಥರ."

"ಆಮೇಲೆ?"

"ಆಮೇಲೇನು, ಉಪ್ಪು ಖಾರ ಹಾಕಿ ಹುರ್ಕೊಟ್ಟೆ. ಮನೆ ಬಿಟ್ಟು ಬಂದವ್ರು, ತಿನ್ಲಿ."

ಕಲೀಂ ಸಾಹೇಬರು ಹಣೆ ಚಚ್ಚಿಕೊಂಡರು. "ಅರೆ ಟೀಚರಮ್ಮ, ಊರಿನ ರೀಲರ್‌ಗಳೆಲ್ಲ ಕೇಳ್ತಾರೆ, ಕಲೀಂ ಭಾಯ್, ನಿಮ್ಮ ಮೆಕ್ಯಾನಿಕ್ ಮಾಲೇ ತಿಂತಾನಂತೆ ಹೌದಾ ಅಂತ!"

ಚೋ ಸಾಹೇಬರ ಹೆಂಡತಿ ಯಂತ್ರದ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಒಂದು ರಾಶಿ ವಿಡಿಯೋ ಟೇಪು ಕಳಿಸಿದ್ದರು. ಅವರ ಟೇಪು ನಮ್ಮ ಟಿವಿಯಲ್ಲಿ ಓಡದ್ದರಿಂದ ಟಿವಿಯೂ ಅಲ್ಲಿಂದಲೇ ಬಂದಿತ್ತು. ಊಟದ ಹೊತ್ತಿಗೆ ಅದರಲ್ಲಿ ಒಂದು ಕೊರಿಯನ್ ಕುಟುಂಬದ ಧಾರಾವಾಹಿ. ಕೆಲಸದ ಹೆಂಗಸರು ತಟ್ಟೆ ಹಿಡಿದು ಕೂತು ನೋಡುತ್ತಿದ್ದರು. ಭಾಷೆ ಯಾರಿಗೂ ಬರದು, ಆದರೆ ಯಾರಿಗೂ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ. ಮುದ್ದೆ ನುಂಗುತ್ತಾ ಒಬ್ಬಳು "ಆ ಎರಡನೇ ಸೊಸೆ ಸರಿ ಇಲ್ಲ ಕಣಮ್ಮ" ಎಂದರೆ, ಮುಂದಿನ ದೃಶ್ಯದಲ್ಲಿ ಎರಡನೇ ಸೊಸೆ ಬೀರು ತೆಗೆಯುತ್ತಿದ್ದಳು.

ನಾನೂ ಶನಿವಾರಗಳಂದು ಹೋಗತೊಡಗಿದೆ. ಮೊದಲ ಶನಿವಾರ ಕಂಡದ್ದು ಹೀಗೆ: ಒಬ್ಬ ಅಜ್ಜಿಯ ಫೋಟೋ, ಅದಕ್ಕೆ ಕಪ್ಪು ಪಟ್ಟಿ, ಮುಂದೆ ಹಣ್ಣು ಮೀನು ಅನ್ನದ ಸಾಲು, ಮಕ್ಕಳು ಮೊಮ್ಮಕ್ಕಳು ನೆಲಕ್ಕೆ ಬಿದ್ದು ಅಳುತ್ತಿದ್ದಾರೆ. ಅಜ್ಜಿ ಸತ್ತಿದ್ದಾಳೆ. ನನಗೂ ಕಣ್ಣು ಒದ್ದೆಯಾಯಿತು. ಮುಂದಿನ ಶನಿವಾರ ಹೋಗುತ್ತೇನೆ, ಅದೇ ಅಜ್ಜಿ ಅಂಗಳದಲ್ಲಿ ನಿಂತು ದೊಡ್ಡ ಮಗನಿಗೆ ಚಪ್ಪಲಿಯಲ್ಲಿ ಹೊಡೆಯುತ್ತಿದ್ದಾಳೆ.

"ಇದೇನು, ಬದುಕಿದಳಾ?" ಎಂದೆ.

"ಸತ್ತೇ ಇರ್ಲಿಲ್ಲ ಅನ್ಸುತ್ತೆ ಮಿಸ್," ಎಂದಳು ನಾಜ್ನೀನ್. "ಯಾರ್ ಅಳ್ತಾರೆ ಅಂತ ನೋಡಕ್ಕೆ ನಾಟಕ ಮಾಡವ್ಳೆ."

ಎಂಥ ಧೈರ್ಯದ ಕಥೆ! ಅಜ್ಜಿಯನ್ನು ಮೊದಲೇ ಸಾಯಿಸಿ ಆಮೇಲೆ ಚಪ್ಪಲಿ ಕೈಗೆ ಕೊಡುವುದು ನನ್ನ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಅಂದೇ ನಾಜ್ನೀನಳನ್ನು ಕೇಳಿದೆ, ನನ್ನ ಕಾದಂಬರಿ ಓದಿದ್ದೀಯಾ ಎಂದು.

"ಬೇಜಾರ್ ಮಾಡ್ಕೋಬೇಡಿ ಮಿಸ್. ಅದ್ರಲ್ಲಿ ಯಾರೂ ಏನೂ ತಿನ್ನಲ್ಲ. ಕೈ ತೊಳ್ಕೊಂತಾನೇ ಇರ್ತಾರೆ."

ಆ ಒಂದು ಮಾತಿನಷ್ಟು ಕೆಲಸಕ್ಕೆ ಬಂದ ವಿಮರ್ಶೆಯನ್ನು ನಾನು ಮತ್ತೆ ಓದಿಲ್ಲ.

ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಕಿರಿಯರು ಇದನ್ನು ಗಮನಿಸಿದರೆ ಸಾಕು, ಉಳಿದದ್ದು ನನ್ನ ಹರಟೆ. ಕೊರಿಯನ್ನರ ಧಾರಾವಾಹಿಯಲ್ಲಿ ಜಗಳವೆಲ್ಲ ಊಟದ ಮುಂದೆಯೇ ನಡೆಯುತ್ತದೆ. ಎದ್ದು ಹೋಗುವಂತಿಲ್ಲ, ಹಸಿವು. ನಾನೂ ನನ್ನ ಪಾತ್ರಗಳನ್ನು ಅಂಗಳದಿಂದ ಒಳಗೆ ಕರೆದು ಊಟಕ್ಕೆ ಕೂರಿಸಿದೆ. ಅವರ ಪ್ರತಿ ಕಂತು ಯಾರದೋ ಮುಖದ ಮೇಲೆ ಗಕ್ಕನೆ ನಿಂತುಬಿಡುತ್ತದೆ, ಏನಾಯಿತೆಂದು ಹೇಳುವುದಿಲ್ಲ. ನಾನು ನೀತಿ ಬರೆಯುತ್ತಿದ್ದ ಜಾಗದಲ್ಲಿ ಒಂದು ಮುಖವಿಟ್ಟು ನಿಲ್ಲಿಸಿದೆ. ಭಾಷೆ ಬಾರದವರಿಗೂ ಯಾರಿಗೆ ಏನು ಬೇಕು ಎಂಬುದು ಕಾಣಬೇಕು; ಕಾಣದಿದ್ದರೆ ಆ ಹಾಳೆ ಹರಿಯಬೇಕು. ಚೋ ಕೊಟ್ಟ ಹಾಡಿನ ಕ್ಯಾಸೆಟ್ಟನ್ನು ಬೆಳಿಗ್ಗೆ ಐದಕ್ಕೆ ಹಾಕಿಕೊಂಡು ಬರೆಯುತ್ತಿದ್ದೆ. ಮೆತ್ತಗೆ ಶುರು, ಆಮೇಲೆ ಬೈಗುಳ, ಆಮೇಲೆ ಅಳು, ಕೊನೆಗೆ ಎಲ್ಲರೂ ಕುಣಿತ: ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರು ಕಾಂಪೌಂಡಿನ ಆಚೆಯಿಂದ ಕೇಳಿದರು, "ಮೇಡಮ್ನೋರೆ, ಇದು ಯಾವ ದೇವರ ಸುಪ್ರಭಾತ? ನಮ್ಮ ಹಸು ಹಾಲು ಏರಿಸ್ಕೊಂಡುಬಿಡುತ್ತೆ."

ನನ್ನ ಹೊಸ ಕಾದಂಬರಿಯಲ್ಲಿ ನಂದಿಯ ಕಡೆಯ ದ್ರಾಕ್ಷಿತೋಟದ ಮನೆಯೊಂದರ ಅಜ್ಜಿ ಒಂದು ಸಂಜೆ ಕಾಣೆಯಾಗುತ್ತಾಳೆ. ಕೆರೆ ಏರಿಯ ಮೇಲೆ ಚಪ್ಪಲಿ ಮಾತ್ರ ಸಿಗುತ್ತದೆ. ಮನೆಯವರು ಹುಡುಕಿ ಸೋತು, ಫೋಟೋಗೆ ಹಾರ ಹಾಕಿ, ತಿಥಿಯ ಊಟವನ್ನೂ ಮಾಡಿ ಮುಗಿಸುತ್ತಾರೆ. ಆಮೇಲೊಂದು ದಿನ ಅಜ್ಜಿ ಹಿತ್ತಲ ಬಾಗಿಲಿನಿಂದ ಬಂದು ಚಪ್ಪಲಿ ಕೇಳುತ್ತಾಳೆ. ಅಜ್ಜಿ ಹುರಿದ ರೇಷ್ಮೆ ಹುಳು ತಿನ್ನುವ ದೃಶ್ಯವನ್ನು ಸಂಪಾದಕರು ಹೊಡೆದುಹಾಕಿ, "ಚಕ್ಕುಲಿ" ಎಂದು ತಿದ್ದಿದರು. ಉಳಿದದ್ದು ಅಚ್ಚಾಯಿತು.

ಅಜ್ಜಿ ಹಿಂತಿರುಗಿದ ವಾರದಿಂದ ಕಾಗದಗಳು ಬಂದವು. ಚಿಂತಾಮಣಿಯಿಂದ, ಗೌರಿಬಿದನೂರಿನಿಂದ, ಕುಡುಮಲಕುಂಟೆಯ ಕಾರ್ಖಾನೆ ಕೆಲಸಗಾರರ ಮಕ್ಕಳಿಂದ. ಎಲ್ಲರದೂ ಒಂದೇ ಪ್ರಶ್ನೆ: ಅಜ್ಜಿ ಯಾಕೆ ಹೋದಳು? ಸಂಪಾದಕರು ಮತ್ತೆ ಫೋನು ಮಾಡಿದರು.

"ಮೇಡಂ, ಉತ್ತರ ಗಟ್ಟಿಯಾಗಿರಬೇಕು. ಎಲ್ಲ ಕನಸು ಅಂತ ಬರೆದು ಕೈ ತೊಳ್ಕೊಂಡ್ರೆ ಮಕ್ಕಳು ಮುಂದೆ ನಿಮ್ಮನ್ನ ನಂಬಲ್ಲ. ನಾನೂ ನಂಬಲ್ಲ. ಶನಿವಾರದ ಬಸ್ಸಿಗೆ ಕೊನೇ ಕಂತು ಬರದಿದ್ರೆ ಪದಬಂಧ ತಯಾರಿದೆ."

"ಉತ್ತರ ಇದೆ ಸಾರ್," ಎಂದೆ. ಟೇಪಿನ ರಾಶಿಯಲ್ಲಿ ಇನ್ನೂ ನೋಡದಿದ್ದ ಒಂದು ಟೇಪು ಉಳಿದಿತ್ತಲ್ಲ.

ಈಗ ಆ ಶನಿವಾರಕ್ಕೆ. ಮುನಿರತ್ನಮ್ಮ ಆ ಟೇಪು ಹಾಕಿದಳು. ಸಂಗೀತ ಮೊಳಗಿತು. ದೊಡ್ಡ ಊಟದ ಮೇಜು, ಅದರ ಮೇಲೆ ಗೋಪುರದಂತೆ ಜೋಡಿಸಿದ ಹಣ್ಣು ಸಿಹಿತಿಂಡಿ, ನಡುವೆ ರೇಷ್ಮೆ ಉಡುಪಿನಲ್ಲಿ ಅಜ್ಜಿ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ನಮಸ್ಕರಿಸುತ್ತಿದ್ದಾರೆ. ಎಲ್ಲರೂ ಉಣ್ಣುತ್ತಿದ್ದಾರೆ.

"ನೋಡಿ, ಎಲ್ಲ ಒಂದಾದ್ರು," ಎಂದು ಕಲೀಂ ಸಾಹೇಬರು ಮೂಗು ಒರೆಸಿಕೊಂಡರು.

ಚೋ ಅವರ ಹೆಂಡತಿ, ತಮ್ಮ ದೇಶದಲ್ಲಿ ಇಂಗ್ಲಿಷ್ ಕಲಿಸುವ ಟೀಚರ್, ಗಲಿಬಿಲಿಯಿಂದ ನನ್ನ ಕಡೆ ಬಾಗಿದರು. "ನಿಮಗೆ ಇದು ಅಷ್ಟೊಂದು ಇಷ್ಟವಾಯಿತೇ, ಮೊದಲಿನಿಂದ ಮತ್ತೆ ನೋಡುತ್ತಿದ್ದೀರಲ್ಲ?"

"ಮತ್ತೆ ಅಲ್ಲ, ಇದು ಕೊನೆಯ ಟೇಪು."

"ಇಲ್ಲ ಇಲ್ಲ. ಇದು ಮೊದಲನೆಯದು. ಅಜ್ಜಿಯ ಅರವತ್ತರ ಹುಟ್ಟುಹಬ್ಬ. ಕೊನೆಯ ಟೇಪಿನಲ್ಲಿ ಅವಳು ಸಾಯುತ್ತಾಳೆ."

ಟೇಪುಗಳ ಮೇಲಿದ್ದ ಚೀಟಿಗಳು ಎಲ್ಲಿ ಎಂದು ಆಕೆ ಕೇಳಿದರು. ಬಟ್ಟಲುಗಳ ಹಬೆಗೆ ಅಂಟು ಬಿಟ್ಟು ಉದುರಿದವು, ಗುಡಿಸಿ ಹಾಕಿದೆ ಎಂದಳು ಮುನಿರತ್ನಮ್ಮ.

"ಸರಿ, ಆದರೆ ರಾಶಿಯನ್ನು ಸಾಲಾಗಿ ಇಟ್ಟಿದ್ದರಲ್ಲ, ನೀನೇನಾದರೂ ಮುಟ್ಟಿದೆಯಾ?" ಎಂದೆ.

"ಮುಟ್ಟದೆ? ದಿನಾ ಮ್ಯಾಲಿಂದು ಕೆಳಕ್ಕೆ, ಕೆಳಗಿಂದು ಮ್ಯಾಕ್ಕೆ ಹಾಕ್ತಿದ್ದೆ. ಹುಳದ ತಟ್ಟೆ ಹಂಗೇ ಅಲ್ವೇ ಮಾಡೋದು? ಒಂದೇ ಕಡೆ ಬಿಟ್ರೆ ಮ್ಯಾಲಿಂದಕ್ಕೆ ಕಾವು ಜಾಸ್ತಿ, ಕೆಳಗಿಂದಕ್ಕೆ ಥಂಡಿ. ಇಷ್ಟು ಬೆಲೆ ಸಾಮಾನು, ಒಂದ್ಕಡೆ ಬಿದ್ದು ಕೆಟ್ಟೋಗ್ಲಿ ಅಂತ ಬಿಡ್ಲಾ?"

ನಾವು ದಿನವೂ ಮೇಲಿನದನ್ನೇ ತೆಗೆದು ನೋಡುತ್ತಿದ್ದೆವು. ನನ್ನ ಅಜ್ಜಿಯ ಇಡೀ ರಹಸ್ಯ ಇಷ್ಟೇ: ಕೊರಿಯಾದಲ್ಲಿ ಅವಳು ಅಚ್ಚುಕಟ್ಟಾಗಿ ಬದುಕಿ ಅಚ್ಚುಕಟ್ಟಾಗಿ ಸತ್ತಿದ್ದಳು, ಶಿಡ್ಲಘಟ್ಟದಲ್ಲಿ ತಟ್ಟೆ ತಿರುವಿದ್ದರಿಂದ ಎದ್ದು ಬಂದಿದ್ದಳು. ಅವಳ ಹತ್ತಿರ ಕಾರಣವೇ ಇರಲಿಲ್ಲ. ಗಂಟೆ ಒಂದಾಗಿತ್ತು. ನನ್ನ ಜೀವನದಲ್ಲಿ ಮೊದಲ ಬಾರಿಗೆ, ಸೀಟಿ ಊದಿದರೆ ಏನಾಗಬೇಕೆಂದು ನನಗೆ ಗೊತ್ತಾಗಲಿಲ್ಲ.

"ಚೋ ಸಾರ್," ಎಂದೆ, ಸ್ವಲ್ಪ ಜೋರಾಗಿಯೇ. "ನಿಮಗೆ ಭಾಷೆ ಬರುತ್ತದೆ. ದಿನಾ ಕೂತು ನೋಡಿದಿರಿ. ತಲೆಕೆಳಗಾಗಿದೆ ಅಂತ ಒಂದು ಮಾತು ಹೇಳಬಾರದಿತ್ತೆ?"

ಚೋ ತಟ್ಟೆ ಕೆಳಗಿಟ್ಟು ನೆಟ್ಟಗೆ ಕೂತರು. ಹೆಂಡತಿಯ ಕಡೆ ನೋಡಿ ತಮ್ಮ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳಿದರು. ಆಕೆ ಅದನ್ನು ಅನುವಾದಿಸಿದರು.

"ಹೋದ ವರ್ಷ ಇವರ ತಾಯಿ ತೀರಿಕೊಂಡರು," ಎಂದರು. "ಇವರು ಆಗ ಬೇರೊಂದು ದೇಶದಲ್ಲಿ ಯಂತ್ರ ಕೂರಿಸುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಫೋಟೋ ಇಟ್ಟಾಗಿತ್ತು. ನಮ್ಮಲ್ಲಿ ಹಿರಿಯರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಇಡುತ್ತೇವೆ. ಅವರು ತಿನ್ನುವುದಿಲ್ಲ. ಇಲ್ಲಿ ಇವರು ಟೇಪು ನೋಡಿದಾಗ..."

ಚೋ ಕೈಯೆತ್ತಿ ಹೆಂಡತಿಯನ್ನು ತಡೆದರು. ಉಳಿದದ್ದನ್ನು ಅವರೇ ಕನ್ನಡದಲ್ಲಿ ಹೇಳಿದರು. "ಮೊದ್ಲು ಫೋಟೋ. ಆಮೇಲೆ ಅಮ್ಮ ಊಟ. ಚೆನ್ನಾಗಿದೆ, ಸಾರ್ಜೆಂಟ್."

ಮುನಿರತ್ನಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. "ನಮ್ಮಲ್ಲೂ ಅದೇಯ ಸಾಮಿ. ಈಗ ಪಿತೃಪಕ್ಷ ನಡೀತೈತೆ. ನಮ್ಮತ್ತೆಗೆ ಒಬ್ಬಟ್ಟು ಅಂದ್ರೆ ಪ್ರಾಣ. ಇದ್ದಾಗ ಸಕ್ಕರೆ ಕಾಯಿಲೆ ಅಂತ ಒಂದು ಚೂರು ಕೊಡ್ಲಿಲ್ಲ. ಈಗ ಎಡೆಗೆ ರಾಶಿ ರಾಶಿ ಇಡ್ತೀವಿ. ಕಾಗೆ ತಿನ್ಕೊಂಡು ಹೋಗ್ತದೆ."

"ಹಂಗಾದ್ರೆ ನಿಮ್ಮತ್ತೆ ಬಂದು ಕೇಳಿದ್ರೆ?" ಎಂದಳು ನಾಜ್ನೀನ್.

"ಕೇಳ್ದೆ ಬಿಡ್ತಿದ್ಲಾ? ಕಾಗೇನ ಹೊಡ್ದು ಕಿತ್ಕೊಂತಿದ್ಲು!"

ಚೋ ನಕ್ಕರು. ಅವರ ಹೆಂಡತಿ ನಕ್ಕರು. ನಾನು ಎದ್ದು, ನೂಲನ್ನು ಲಡಿ ಕಟ್ಟುವ ಮೇಜಿನ ಒಂದು ಮೂಲೆ ಖಾಲಿ ಮಾಡಿಸಿಕೊಂಡು, ಹಾಳೆ ತೆಗೆದು ಕೂತೆ. ಕಲೀಂ ಸಾಹೇಬರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಶ್, ಟೀಚರಮ್ಮ ಅಜ್ಜೀನ ಮುಗಿಸ್ತಾ ಇದಾರೆ" ಎನ್ನುತ್ತಿದ್ದರು.

ಕೊನೆಯ ಕಂತಿನಲ್ಲಿ ಮನೆಯವರೆಲ್ಲ ಊಟಕ್ಕೆ ಕೂತಿರುತ್ತಾರೆ. ಮೊಮ್ಮಗಳು ಕೇಳುತ್ತಾಳೆ, ಯಾಕಜ್ಜಿ ಹೋದೆ? ಅಜ್ಜಿ ಹೇಳುತ್ತಾಳೆ: "ಮಕ್ಕಳೆಲ್ಲ ಒಟ್ಟಿಗೆ ಕೂತು ಉಂಡದ್ದು ನಿಮ್ಮ ತಾತ ಸತ್ತಾಗಲೇ ಕೊನೆ. ಇನ್ನೊಂದು ಸಲ ನೋಡಬೇಕು ಅನ್ನಿಸಿತು. ನಾನು ಸತ್ತರೆ ಬರ್ತೀರಿ ಅಂತ ಗೊತ್ತಿತ್ತು. ಆದರೆ ಆಗ ನೋಡೋಕೆ ನಾನಿರಲ್ಲವಲ್ಲ? ಅದಕ್ಕೆ ಮೊದಲೇ ಹೋದೆ. ಕಿಟಕಿ ಆಚೆ ನಿಂತು ನೋಡಿದೆ. ಬಂದಿರಿ, ಅತ್ತಿರಿ, ಒಬ್ಬಟ್ಟು ಮಾಡಿದಿರಿ. ಎಲ್ಲ ಸರಿ. ನನ್ನ ಪಾಲು ಮಾತ್ರ ಕಾಗೆಗೆ ಹಾಕಿದಿರಿ. ಅದನ್ನ ಕೇಳೋಣ ಅಂತ ಬಂದೆ." ಎರಡನೇ ಸೊಸೆ ಎದ್ದು ಒಬ್ಬಟ್ಟಿನ ತಟ್ಟೆ ತಂದು ಅಜ್ಜಿಯ ಮುಂದೆ ಇಡುತ್ತಾಳೆ. ಅಜ್ಜಿ ಒಂದು ತುಂಡು ಮುರಿದು ಬಾಯಿಗೆ ಒಯ್ಯುತ್ತಾಳೆ. ಅಲ್ಲಿಗೆ, ಅಜ್ಜಿಯ ಮುಖದ ಮೇಲೆ ನಿಲ್ಲಿಸಿದೆ. ನೀತಿಯಿಲ್ಲ, ಅಡಿಗೆರೆಯಿಲ್ಲ.

ಮೊದಲು ನಾಜ್ನೀನ್ ಓದಿದಳು. ಓದಿ, "ಮಿಸ್, ಹೊಟ್ಟೆ ಹಸೀತಿದೆ" ಎಂದಳು. ಕಂತು ಸರಿಯಾಗಿದೆ ಎಂದು ತಿಳಿಯಿತು.

ಆಮೇಲಿನದು ಚುಟುಕಾಗಿ: ಆ ಪುಟಕ್ಕೆ ಪದಬಂಧ ಬರಲಿಲ್ಲ. ಸಂಪಾದಕರು ಬೈಯಲು ಫೋನು ಮಾಡಲಿಲ್ಲ, ಕಾರ್ಡು ಬರೆದರು: "ನಮ್ಮ ಮನೆಯಲ್ಲೂ ಈ ಸಲ ಅಮ್ಮನನ್ನು ಕರೆಸಿ ಒಬ್ಬಟ್ಟು ಮಾಡಿದೆವು. ಮುಂದಿನ ಕಾದಂಬರಿ ಯಾವಾಗ?" ಚೋ ದಂಪತಿ ದೀಪಾವಳಿಗೆ ಮೊದಲು ಹೊರಟರು, ಯಂತ್ರ ಈಚಿನವರೆಗೂ ಓಡುತ್ತಿತ್ತು.

ಆ ದಿನ ಉಳಿದಿದ್ದ ಕೆಲಸ ಎರಡು. ಮೂರೂವರೆಯ ಬಸ್ಸು ಐದು ನಿಮಿಷ ತಡವಾಗಿ ಬಂತು. ಕಂಡಕ್ಟರಿಗೆ ಅದನ್ನು ತಿಳಿಸಿ, ಲಕೋಟೆ ಕೊಟ್ಟೆ. ಫಿಲೇಚರಿಗೆ ಹಿಂದಿರುಗಿದಾಗ ಊಟದ ಕೋಣೆ ಖಾಲಿಯಾಗಿತ್ತು, ಹುಟ್ಟುಹಬ್ಬದ ಟೇಪು ಇನ್ನೂ ವಿಡಿಯೋ ಯಂತ್ರದಲ್ಲೇ ಇತ್ತು. ಅದನ್ನು ಮೊದಲಿಗೆ ಸುತ್ತಿ, ಹೊರತೆಗೆದು, ಸೆರಗಿನಿಂದ ಹಬೆ ಒರೆಸಿದೆ. ಚೋ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸರಿಯಾದ ಕ್ರಮದಲ್ಲಿ ಇಡಬೇಕೆಂದರೆ ಅದು ರಾಶಿಯ ಮೇಲಿರಬೇಕಿತ್ತು. ನಾನು ರಾಶಿಯನ್ನು ಎತ್ತಿ, ಅದು ಕೊನೆಗೆ ಬರುವಂತೆ ಎಲ್ಲಕ್ಕಿಂತ ಕೆಳಗೆ ಇಟ್ಟೆ.